ಟ್ಯಾಬೋ ಸ್ಪೇಸೋ? ಕಣ್ಣಿಗೆ ಕಾಣದ ಅಕ್ಷರಗಳ ವಿವಾದ

ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಈ ದೃಶ್ಯವನ್ನು ನೀವು ಕಂಡಿರಬಹುದು. ವಿದ್ಯಾರ್ಥಿನಿಯೊಬ್ಬಳು ಪೈಥಾನ್ ಭಾಷೆಯಲ್ಲಿ ಇಪ್ಪತ್ತು ಸಾಲಿನ ಒಂದು ಪ್ರೋಗ್ರಾಂ ಬರೆದಿದ್ದಾಳೆ. ಅರ್ಧ ಭಾಗವನ್ನು ಗೆಳತಿಯ ಕಡತದಿಂದ ನಕಲು ಮಾಡಿಕೊಂಡಿದ್ದಾಳೆ, ಉಳಿದದ್ದನ್ನು ತಾನೇ ಟೈಪ್ ಮಾಡಿದ್ದಾಳೆ. ಪರದೆಯ ಮೇಲೆ ಎಲ್ಲ ಸಾಲುಗಳೂ ಒಂದರ ಕೆಳಗೊಂದು ಅಚ್ಚುಕಟ್ಟಾಗಿ ನಿಂತಿವೆ. ಆದರೆ ಪ್ರೋಗ್ರಾಂ ಓಡುವುದಿಲ್ಲ. ಹನ್ನೊಂದನೆಯ ಸಾಲಿನಲ್ಲಿ ಟ್ಯಾಬ್ ಮತ್ತು ಸ್ಪೇಸ್‌ಗಳ ಬಳಕೆ ಹೊಂದುತ್ತಿಲ್ಲ ಎಂದು ಯಂತ್ರ ಹೇಳುತ್ತದೆ. ಪರದೆಯನ್ನು ಎಷ್ಟು ದಿಟ್ಟಿಸಿದರೂ ಅಲ್ಲಿ ಟ್ಯಾಬೂ ಕಾಣದು, ಸ್ಪೇಸೂ ಕಾಣದು. ಕೊನೆಗೆ ಅಧ್ಯಾಪಕರು ಬಂದು ಆ ಸಾಲನ್ನು ಅಳಿಸಿ, ಅದನ್ನೇ ಮತ್ತೆ ಟೈಪ್ ಮಾಡುತ್ತಾರೆ. ಪ್ರೋಗ್ರಾಂ ಓಡುತ್ತದೆ! "ಏನಾಗಿತ್ತು ಸರ್?" ಎಂದು ಕೇಳಿದರೆ, "ಏನೋ ಸ್ಪೇಸ್ ಪ್ರಾಬ್ಲಂ ಇತ್ತಮ್ಮ, ಈಗ ಸರಿಹೋಯಿತು" ಎಂಬ ಉತ್ತರ ಬರುತ್ತದೆ.

ಆ 'ಏನೋ' ಎಂಬುದು ಏನು? ಸಾಲನ್ನು ಒಳಕ್ಕೆ ಸರಿಸಲು ಟ್ಯಾಬ್ ಕೀಲಿ ಒತ್ತಬೇಕೋ, ಸ್ಪೇಸ್ ಕೀಲಿ ಒತ್ತಬೇಕೋ ಎಂಬ ಬಗ್ಗೆ ಪ್ರೋಗ್ರಾಂ ಬರೆಯುವವರು ಹಲವು ದಶಕಗಳಿಂದ ವಾದಿಸುತ್ತ ಬಂದಿದ್ದಾರೆ. ಹೊರಗಿನವರಿಗೆ ಇದು ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕು ಎಂಬಂಥ ಜಗಳವಾಗಿ ತೋರುತ್ತದೆ. ಒಳಗಿನವರೂ ಇದನ್ನು ತಮಾಷೆಯ ವಿಷಯವನ್ನಾಗಿ ಮಾಡಿಕೊಂಡಿದ್ದಾರೆ. ಆದರೆ ಇದು ಅಭಿರುಚಿಯ ಪ್ರಶ್ನೆ ಮಾತ್ರವಲ್ಲ ಎಂಬುದು ಈ ಲೇಖನದ ವಾದ. ಕಣ್ಣಿಗೆ ಕಾಣದ ಒಂದು ಅಕ್ಷರಕ್ಕೆ ನಾವು ಅರ್ಥವನ್ನು ಹೊರಿಸಿದಾಗ ಆ ಅರ್ಥವನ್ನು ಯಾರು ಕಾಯಬೇಕು ಎಂಬುದೇ ಇಲ್ಲಿನ ನಿಜವಾದ ಪ್ರಶ್ನೆ. ಈ ದೃಷ್ಟಿಯಿಂದ ನಾಲ್ಕು ಪ್ರಸಿದ್ಧ ನಿಯಮಗಳನ್ನು ಪರಿಶೀಲಿಸೋಣ.

ಒಳಸರಿತ ಏಕೆ ಬೇಕು?

ಪ್ರೋಗ್ರಾಂನಲ್ಲಿ ಕೆಲವು ಸಾಲುಗಳು ಬೇರೊಂದು ಸಾಲಿನ ಅಧೀನದಲ್ಲಿರುತ್ತವೆ. ಇದನ್ನು ತೋರಿಸಲು ಅವುಗಳನ್ನು ಎಡ ಅಂಚಿನಿಂದ ಸ್ವಲ್ಪ ಒಳಕ್ಕೆ ಸರಿಸಿ ಬರೆಯುವುದು ರೂಢಿ. ಇಂಡೆಂಟೇಶನ್ ಎಂದು ಕರೆಯುವ ಈ ಕ್ರಮವನ್ನು ಇಲ್ಲಿ 'ಒಳಸರಿತ' ಎನ್ನೋಣ. ಕನ್ನಡದಲ್ಲೇ ಒಂದು ಪುಟ್ಟ ಪ್ರೋಗ್ರಾಂ ಕಲ್ಪಿಸಿಕೊಳ್ಳಿ:

ಮನೆಯಿಂದ ಹೊರಡುವಾಗ:
    ಮಳೆ ಬರುತ್ತಿದ್ದರೆ:
        ಕೊಡೆ ತೆಗೆದುಕೋ
        ಕಿಟಕಿ ಮುಚ್ಚು
    ಬಾಗಿಲಿಗೆ ಬೀಗ ಹಾಕು

ಕೊಡೆ ಮತ್ತು ಕಿಟಕಿಯ ಕೆಲಸಗಳು ಮಳೆ ಬಂದರೆ ಮಾತ್ರ. ಬೀಗ ಹಾಕುವುದು ಮಳೆ ಇರಲಿ ಬಿಸಿಲಿರಲಿ ಪ್ರತಿದಿನದ ಕೆಲಸ. ಕೊನೆಯ ಸಾಲನ್ನು ಇನ್ನೊಂದು ಹಂತ ಒಳಕ್ಕೆ ತಳ್ಳಿದರೆ ಏನಾಗುತ್ತದೆ ನೋಡಿ. ಮಳೆ ಬಂದ ದಿನ ಮಾತ್ರ ಬೀಗ ಬೀಳುತ್ತದೆ, ಬಿಸಿಲಿನ ದಿನ ಮನೆ ತೆರೆದೇ ಇರುತ್ತದೆ. ಒಂದು ಅಕ್ಷರವೂ ಬದಲಾಗಿಲ್ಲ. ಬದಲಾದದ್ದು ಸಾಲಿನ ಆರಂಭದ ಖಾಲಿ ಜಾಗ ಮಾತ್ರ.

ಸಿ, ಜಾವಾ ಮುಂತಾದ ಭಾಷೆಗಳಲ್ಲಿ ಈ ಅಧೀನತೆಯನ್ನು ಪುಷ್ಪಾವರಣ ಚಿಹ್ನೆಗಳು ಹೇಳುತ್ತವೆ. ಅಲ್ಲಿ ಒಳಸರಿತ ಇರುವುದು ಮನುಷ್ಯರ ಅನುಕೂಲಕ್ಕೆ, ಯಂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪೈಥಾನ್‌ನಂಥ ಭಾಷೆಗಳಲ್ಲಿ ಒಳಸರಿತವೇ ಅರ್ಥ. ಈ ಆಲೋಚನೆ ಹೊಸದಲ್ಲ. ಬ್ರಿಟನ್ನಿನ ಪೀಟರ್ ಲ್ಯಾಂಡಿನ್ 1966ರಲ್ಲೇ ಇದನ್ನು ವಿವರಿಸಿ, ಫುಟ್‌ಬಾಲ್ ಆಟದಿಂದ ಪದ ತೆಗೆದುಕೊಂಡು 'ಆಫ್‌ಸೈಡ್ ನಿಯಮ' ಎಂದು ಹೆಸರಿಟ್ಟಿದ್ದರು.

ಯಂತ್ರ ಒಳಸರಿತವನ್ನು ಗಮನಿಸದ ಭಾಷೆಗಳಲ್ಲಿ ಅಪಾಯವಿಲ್ಲ ಎಂದು ತಿಳಿಯಬೇಡಿ. 2014ರ ಫೆಬ್ರವರಿಯಲ್ಲಿ ಆಪಲ್ ಕಂಪನಿ ತನ್ನ ಐಫೋನ್ ತಂತ್ರಾಂಶಕ್ಕೆ ತುರ್ತು ತಿದ್ದುಪಡಿಯೊಂದನ್ನು ಹೊರಡಿಸಬೇಕಾಯಿತು. ಜಾಲತಾಣದ ಗುರುತನ್ನು ಪರೀಕ್ಷಿಸುವ ಸಿ ಭಾಷೆಯ ಭಾಗದಲ್ಲಿ 'ಗೋಟು ಫೇಲ್' ಎಂಬ ಸಾಲು ಎರಡು ಬಾರಿ ಬಂದುಬಿಟ್ಟಿತ್ತು. ಎರಡೂ ಸಾಲುಗಳು ಷರತ್ತಿನ ಕೆಳಗೆ ಸಮನಾಗಿ ಒಳಸರಿದಿದ್ದವು. ನೋಡಿದವರಿಗೆ ಎರಡೂ ಷರತ್ತಿಗೆ ಒಳಪಟ್ಟಂತೆಯೇ ತೋರುತ್ತಿತ್ತು. ಆದರೆ ಪುಷ್ಪಾವರಣ ಇಲ್ಲದಿದ್ದ ಕಾರಣ ಯಂತ್ರದ ಪಾಲಿಗೆ ಮೊದಲನೆಯದಕ್ಕೆ ಮಾತ್ರ ಷರತ್ತು ಅನ್ವಯಿಸುತ್ತಿತ್ತು, ಎರಡನೆಯದು ಪ್ರತಿಸಲವೂ ನಡೆಯುತ್ತಿತ್ತು. ಪರಿಣಾಮವಾಗಿ ಮುಂದಿನ ಮುಖ್ಯ ಪರೀಕ್ಷೆ ನಡೆಯದೆಯೇ 'ಎಲ್ಲ ಸರಿಯಾಗಿದೆ' ಎಂಬ ಉತ್ತರ ಹೋಗುತ್ತಿತ್ತು. ನಮ್ಮ ಉದಾಹರಣೆಯ ತೆರೆದ ಬಾಗಿಲು ನಿಜವಾಗಿಯೂ ತೆರೆದೇ ಉಳಿದಿತ್ತು. ಕಣ್ಣು ಓದುವುದು ಒಳಸರಿತವನ್ನು, ಯಂತ್ರ ಓದುವುದು ಚಿಹ್ನೆಗಳನ್ನು. ಇವೆರಡೂ ಬೇರೆ ಬೇರೆ ಮಾತು ಹೇಳಿದರೆ ಮೋಸಹೋಗುವುದು ಕಣ್ಣು. ಇಂಥ ಸಾಲುಗಳ ಬಗ್ಗೆ ಎಚ್ಚರಿಸುವ ಸೌಲಭ್ಯ ಜಿಸಿಸಿ ಕಂಪೈಲರ್‌ಗೆ 2016ರಲ್ಲಿ ಬಂದ 6ನೆಯ ಆವೃತ್ತಿಯಲ್ಲಿ ಸೇರಿತು.

ಎರಡು ಅಕ್ಷರ, ಎರಡು ಸ್ವಭಾವ

ಈಗ ಟ್ಯಾಬ್ ಮತ್ತು ಸ್ಪೇಸ್‌ಗಳ ವ್ಯತ್ಯಾಸಕ್ಕೆ ಬರೋಣ. ಟೈಪಿಂಗ್ ಕಲಿತ ಓದುಗರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಟೈಪ್‌ರೈಟರ್‌ನಲ್ಲಿ ಸ್ಪೇಸ್ ಪಟ್ಟಿ ಒತ್ತಿದರೆ ಕಾಗದದ ಗಾಡಿ ಒಂದು ಅಕ್ಷರದಷ್ಟು ಸರಿಯುತ್ತದೆ. ಟ್ಯಾಬ್ ಕೀಲಿ ಒತ್ತಿದರೆ ನಾವು ಮೊದಲೇ ಗೊತ್ತುಮಾಡಿದ ಮುಂದಿನ ನಿಲುಗಡೆಗೆ ಜಾರಿ ನಿಲ್ಲುತ್ತದೆ. ಅಂಕಿಅಂಶಗಳ ಪಟ್ಟಿ ಟೈಪ್ ಮಾಡುವಾಗ ಈ ನಿಲುಗಡೆಗಳನ್ನು ಪಟ್ಟಿಗೆ ತಕ್ಕಂತೆ ಬದಲಾಯಿಸಿಕೊಳ್ಳುತ್ತಿದ್ದರು. ಟ್ಯಾಬ್ ಎಂಬುದು ಟ್ಯಾಬ್ಯುಲೇಟರ್ ಎಂಬುದರ ಹ್ರಸ್ವರೂಪ, ಪಟ್ಟಿ ಮಾಡುವ ಸಾಧನ ಎಂದರ್ಥ.

1963ರಲ್ಲಿ ಮೊದಲು ಪ್ರಕಟವಾದ ಆಸ್ಕಿ ಸಂಕೇತಮಾಲೆಯಲ್ಲಿ ಟ್ಯಾಬ್‌ಗೆ 9, ಸ್ಪೇಸ್‌ಗೆ 32 ಎಂಬ ಸಂಖ್ಯೆಗಳಿವೆ. ಯಂತ್ರದ ಪಾಲಿಗೆ ಇವು 'ಅ' ಮತ್ತು 'ಬ' ಇದ್ದಷ್ಟೇ ಬೇರೆ ಬೇರೆ. ಸ್ಪೇಸ್ ಒಂದು ಅಳತೆ. ಟ್ಯಾಬ್ ಒಂದು ಆಜ್ಞೆ: 'ಮುಂದಿನ ನಿಲುಗಡೆಗೆ ಹೋಗು'. ಆ ನಿಲುಗಡೆ ಎಲ್ಲಿದೆ ಎಂಬುದು ಕಡತದಲ್ಲಿ ಇರುವುದಿಲ್ಲ, ಓದುವವರ ಯಂತ್ರದಲ್ಲಿರುತ್ತದೆ. ಯೂನಿಕ್ಸ್ ಟರ್ಮಿನಲ್‌ಗಳಲ್ಲಿ 8 ಅಂಕಣಕ್ಕೊಂದು ನಿಲುಗಡೆ ಎಂಬ ರೂಢಿ ಬೆಳೆಯಿತು. ಆದರೆ ಎಷ್ಟೋ ಎಡಿಟರ್‌ಗಳು 4 ಅಂಕಣಕ್ಕೊಂದು ನಿಲುಗಡೆ ಇಡುತ್ತವೆ, ಕೆಲವರು 2ಕ್ಕೆ ಇಳಿಸಿಕೊಳ್ಳುತ್ತಾರೆ. ಆದ್ದರಿಂದ ಟ್ಯಾಬ್ ಬಳಸಿ ಬರೆದ ಕಡತ ನಿಮ್ಮ ಪರದೆಯಲ್ಲಿ ಒಂದು ರೀತಿ, ನನ್ನ ಪರದೆಯಲ್ಲಿ ಇನ್ನೊಂದು ರೀತಿ ಕಾಣಬಹುದು. ಇದನ್ನೇ ಟ್ಯಾಬ್ ಪಕ್ಷದವರು ಗುಣವೆನ್ನುತ್ತಾರೆ, ಸ್ಪೇಸ್ ಪಕ್ಷದವರು ದೋಷವೆನ್ನುತ್ತಾರೆ.

ಇಬ್ಬರೂ ಅರ್ಧ ಸರಿ. ಏಕೆಂದರೆ ಸಾಲಿನ ಖಾಲಿ ಜಾಗಕ್ಕೆ ಎರಡು ಬೇರೆ ಕೆಲಸಗಳಿವೆ. ಮೊದಲನೆಯದು ಹಂತವನ್ನು ಹೇಳುವುದು: ಈ ಸಾಲು ಎಷ್ಟು ಹಂತ ಒಳಗಿದೆ? ಎರಡನೆಯದು ಜೋಡಣೆ: ಉದ್ದ ಸಾಲನ್ನು ಮುರಿದು ಬರೆಯುವಾಗ ಮೇಲಿನ ಸಾಲಿನ ಒಂದು ನಿರ್ದಿಷ್ಟ ಅಕ್ಷರದ ಕೆಳಗೆ ಸರಿಯಾಗಿ ಕೂರಿಸುವುದು. ಹಂತಕ್ಕೆ ಅಗಲ ಮುಖ್ಯವಲ್ಲ, ಎಣಿಕೆ ಮುಖ್ಯ. ಅದಕ್ಕೆ ಟ್ಯಾಬ್ ಸಹಜವಾದ ಸಾಧನ. ಜೋಡಣೆಗೆ ನಿಖರವಾದ ಅಗಲ ಬೇಕು. ಅದಕ್ಕೆ ಸ್ಪೇಸ್ ಬೇಕು. ವಿವಾದದ ಬಹುಭಾಗ ಈ ಎರಡು ಕೆಲಸಗಳನ್ನು ಒಂದೆಂದು ತಿಳಿದದ್ದರಿಂದ ಹುಟ್ಟಿದೆ. ಇದನ್ನು ನೆನಪಿನಲ್ಲಿಟ್ಟುಕೊಂಡು ನಿಯಮಗಳನ್ನು ನೋಡೋಣ.

ಮೇಕ್: ಹನ್ನೆರಡು ಬಳಕೆದಾರರ ದಾಕ್ಷಿಣ್ಯ

'ಮೇಕ್' ಎಂಬುದು ಅನೇಕ ಕಡತಗಳಿರುವ ಪ್ರೋಗ್ರಾಂಗಳನ್ನು ಕಟ್ಟುವ ತಂತ್ರಾಂಶ. ಯಾವ ಕಡತ ಬದಲಾದರೆ ಏನನ್ನು ಮತ್ತೆ ಕಟ್ಟಬೇಕು ಎಂದು ಅದಕ್ಕೆ ಬರೆದುಕೊಡಬೇಕು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಇದನ್ನು ರಚಿಸಿದರು. ಈ ಕೆಲಸಕ್ಕಾಗಿ 2003ರ ಸಾಲಿನ ಎಸಿಎಂ ತಂತ್ರಾಂಶ ಪ್ರಶಸ್ತಿ ಅವರಿಗೆ ಸಂದಿತು. ಇದರ ನಿಯಮದಂತೆ ಆಜ್ಞೆಯ ಪ್ರತಿ ಸಾಲೂ ಟ್ಯಾಬ್‌ನಿಂದಲೇ ಆರಂಭವಾಗಬೇಕು. ಟ್ಯಾಬ್ ಬದಲು 8 ಸ್ಪೇಸ್ ಇಟ್ಟರೆ ಕಣ್ಣಿಗೆ ಏನೂ ವ್ಯತ್ಯಾಸವಿಲ್ಲ, ಆದರೆ ಮೇಕ್ ಕೆಲಸ ನಿಲ್ಲಿಸುತ್ತದೆ.

ಈ ನಿಯಮ ಬಂದದ್ದು ಯಾವ ಸಿದ್ಧಾಂತದಿಂದಲೂ ಅಲ್ಲ. ಸಾಲಿನ ಆರಂಭದಲ್ಲಿ ಟ್ಯಾಬ್ ಇದೆಯೇ ಎಂದು ನೋಡುವುದು ಆಗ ಬರೆಯಲು ಸುಲಭವಾಗಿತ್ತು. ಅದು ಕೆಟ್ಟ ಆಯ್ಕೆ ಎಂದು ಕೆಲವೇ ವಾರಗಳಲ್ಲಿ ಅವರಿಗೆ ತಿಳಿಯಿತು. ಆದರೆ ಅಷ್ಟರಲ್ಲಿ ಹನ್ನೆರಡರಷ್ಟು ಮಂದಿ ಮೇಕ್ ಬಳಸತೊಡಗಿದ್ದರು, ಬಹುಪಾಲು ಗೆಳೆಯರೇ. ಅವರಿಗೆ ತೊಂದರೆ ಕೊಡಬಾರದೆಂದು ನಿಯಮವನ್ನು ಹಾಗೆಯೇ ಬಿಟ್ಟೆ ಎಂದು ಫೆಲ್ಡ್‌ಮನ್ ಮುಂದೆ ಒಪ್ಪಿಕೊಂಡಿದ್ದಾರೆ. ಹನ್ನೆರಡು ಜನರ ಮೇಲಿನ ದಾಕ್ಷಿಣ್ಯಕ್ಕೆ ಅಂದಿನಿಂದ ಅಸಂಖ್ಯಾತ ಹೊಸಬರು ತಲೆಕೆಡಿಸಿಕೊಂಡಿದ್ದಾರೆ. 2010ರಲ್ಲಿ ಬಂದ ಗ್ನೂ ಮೇಕ್ 3.82 ಆವೃತ್ತಿಯಲ್ಲಿ ಟ್ಯಾಬ್ ಬದಲು ಬೇರೊಂದು ಅಕ್ಷರವನ್ನು ಆರಿಸಿಕೊಳ್ಳುವ ಅವಕಾಶ ಬಂದಿತು. ಆದರೂ ರೂಢಿ ಬದಲಾಗಲಿಲ್ಲ.

ಮೇಕ್‌ನ ದೋಷ ಟ್ಯಾಬ್ ಬಳಸಿದ್ದಲ್ಲ. ಒಂದೇ ರೀತಿ ಕಾಣುವ ಎರಡು ಅಕ್ಷರಗಳಿಗೆ ಬೇರೆ ಬೇರೆ ಅರ್ಥ ಕೊಟ್ಟದ್ದು ಅದರ ದೋಷ. ಓದುಗನಿಗೆ ಕಾಣದ ವ್ಯತ್ಯಾಸದ ಮೇಲೆ ಅರ್ಥವನ್ನು ನಿಲ್ಲಿಸಬಾರದು ಎಂಬ ಪಾಠವನ್ನು ಇದರಿಂದ ಕಲಿಯಬೇಕು.

ಲಿನಕ್ಸ್: ಒಪ್ಪಬಹುದಾದ ಉದ್ದೇಶ, ಒಪ್ಪಲಾಗದ ವಾದ

ಲಿನಕ್ಸ್ ಕರ್ನೆಲ್‌ಗೆ ಪ್ರೋಗ್ರಾಂ ಬರೆಯುವವರಿಗಾಗಿ ಲೈನಸ್ ಟೋರ್ವಾಲ್ಡ್ಸ್ ಬರೆದ ಶೈಲಿ ಕೈಪಿಡಿ ಹೆಸರಾದದ್ದು. ಇದರ ಪ್ರಕಾರ ಒಳಸರಿತಕ್ಕೆ ಟ್ಯಾಬನ್ನೇ ಬಳಸಬೇಕು ಮತ್ತು ಟ್ಯಾಬ್ ಎಂದರೆ 8 ಅಂಕಣ. 8 ಅತಿಯಾಯಿತು, ಪ್ರೋಗ್ರಾಂ ಬಲಕ್ಕೆ ಓಡಿಹೋಗುತ್ತದೆ ಎನ್ನುವವರಿಗೆ ಕೈಪಿಡಿಯ ಉತ್ತರ ಖಾರವಾಗಿದೆ: ಮೂರು ಹಂತಕ್ಕಿಂತ ಹೆಚ್ಚು ಒಳಸರಿತ ಬೇಕಾದರೆ ನಿಮ್ಮ ಪ್ರೋಗ್ರಾಂ ಕೆಟ್ಟಿದೆ, ಮೊದಲು ಅದನ್ನು ಸರಿಪಡಿಸಿ. ಇಪ್ಪತ್ತು ಗಂಟೆ ಪರದೆ ನೋಡಿ ದಣಿದ ಕಣ್ಣಿಗೂ ಹಂತಗಳು ಸ್ಪಷ್ಟವಾಗಿ ಕಾಣಬೇಕು ಎಂಬುದು ಇದರ ಹಿಂದಿನ ಕಾರಣ.

ಉದ್ದೇಶವನ್ನು ಮೆಚ್ಚಬೇಕು. ದೊಡ್ಡ ಒಳಸರಿತ ಪ್ರೋಗ್ರಾಂ ಬರೆಯುವವನನ್ನು ಶಿಸ್ತಿಗೆ ಒಳಪಡಿಸುತ್ತದೆ. ಹಂತ ಹೆಚ್ಚಾದಂತೆ ಜಾಗ ಸಾಲದಾಗಿ, ಕೆಲಸವನ್ನು ಸಣ್ಣ ಭಾಗಗಳಾಗಿ ಒಡೆಯಲೇಬೇಕಾಗುತ್ತದೆ. ಆದರೆ ಇಲ್ಲಿ ಒಂದು ವಿರೋಧಾಭಾಸವಿದೆ. ಟ್ಯಾಬ್‌ನ ಮುಖ್ಯ ಗುಣ ಓದುವವರು ತಮಗೆ ಬೇಕಾದ ಅಗಲ ಇಟ್ಟುಕೊಳ್ಳಬಹುದು ಎಂಬುದು. ಟ್ಯಾಬ್ ಬಳಸಿ, ಆದರೆ ಅದರ ಅಗಲ ಎಲ್ಲರಿಗೂ 8 ಎಂದ ಮೇಲೆ ಆ ಗುಣವನ್ನು ನಾವೇ ಕಳೆದುಕೊಂಡಂತಾಯಿತು. ಸಾಲು 80 ಅಂಕಣ ಮೀರದಿರಲಿ ಎಂಬ ಇನ್ನೊಂದು ನಿಯಮವೂ ಇದಕ್ಕೆ ಸೇರುತ್ತದೆ, ಏಕೆಂದರೆ ಟ್ಯಾಬ್‌ನ ಅಗಲ ಗೊತ್ತಿಲ್ಲದೆ ಸಾಲಿನ ಉದ್ದ ಅಳೆಯಲಾಗದು. 2020ರಲ್ಲಿ ಕರ್ನೆಲ್‌ನ ಪರೀಕ್ಷಾ ಉಪಕರಣ ಎಚ್ಚರಿಕೆ ಕೊಡುವ ಮಿತಿಯನ್ನು 100 ಅಂಕಣಕ್ಕೆ ಸಡಿಲಿಸಲಾಯಿತು. ಅಳತೆಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ ಎಂಬುದಕ್ಕೆ ಇದೇ ಸಾಕ್ಷಿ.

ಪೈಥಾನ್: ತಡವಾಗಿ ಬಂದ ಕಟ್ಟುನಿಟ್ಟು

ಒಳಸರಿತವೇ ಅರ್ಥವಾಗಿರುವ ಪೈಥಾನ್‌ನಲ್ಲಿ ಈ ಪ್ರಶ್ನೆ ಎಲ್ಲಕ್ಕಿಂತ ಗಂಭೀರ. ನೆದರ್‌ಲ್ಯಾಂಡ್ಸ್‌ನ ಗ್ವಿಡೊ ವಾನ್ ರೋಸಮ್ 1991ರಲ್ಲಿ ಪೈಥಾನನ್ನು ಮೊದಲು ಬಿಡುಗಡೆ ಮಾಡಿದರು. ಒಳಸರಿತದ ಕ್ರಮವನ್ನು ಅವರು ಹಿಂದೆ ದುಡಿದಿದ್ದ 'ಎಬಿಸಿ' ಎಂಬ ಕಲಿಕಾ ಭಾಷೆಯಿಂದ ತೆಗೆದುಕೊಂಡರು. 2001ರ ಶೈಲಿ ಕೈಪಿಡಿ 'ಪೆಪ್ 8' ಪ್ರತಿ ಹಂತಕ್ಕೆ 4 ಸ್ಪೇಸ್ ಎಂದು ಹೇಳಿತು.

ಆದರೆ ಆಗಿನ ಪೈಥಾನ್ ಟ್ಯಾಬ್ ಮತ್ತು ಸ್ಪೇಸ್ ಬೆರೆಸುವುದನ್ನು ತಡೆಯುತ್ತಿರಲಿಲ್ಲ. ಟ್ಯಾಬ್ ಬಂದರೆ ಅದನ್ನು 8 ಅಂಕಣದ ನಿಲುಗಡೆ ಎಂದು ತಾನೇ ಲೆಕ್ಕ ಹಾಕಿಕೊಳ್ಳುತ್ತಿತ್ತು. ನಮ್ಮ ಬೀಗದ ಉದಾಹರಣೆಗೆ ಮರಳಿ. ಮಳೆಯ ಷರತ್ತಿನ ಮುಂದೆ 4 ಸ್ಪೇಸ್, ಕೊಡೆ ಮತ್ತು ಕಿಟಕಿಯ ಸಾಲುಗಳ ಮುಂದೆ 8 ಸ್ಪೇಸ್ ಇವೆ. ಬೀಗದ ಸಾಲಿನ ಮುಂದೆ ಮಾತ್ರ ಯಾರೋ ಒಂದು ಟ್ಯಾಬ್ ಒತ್ತಿದ್ದಾರೆ. ನಿಮ್ಮ ಎಡಿಟರ್‌ನಲ್ಲಿ ಟ್ಯಾಬ್‌ನ ಅಗಲ 4. ಆದ್ದರಿಂದ ಬೀಗದ ಸಾಲು ಮಳೆಯ ಷರತ್ತಿನ ನೇರಕ್ಕೆ, ಹೊರಗಡೆ ಕಾಣುತ್ತದೆ. ಆದರೆ ಪೈಥಾನ್ 2 ಅದನ್ನು 8 ಎಂದು ಓದಿ ಮಳೆಯ ಷರತ್ತಿನ ಒಳಗೆ ಸೇರಿಸುತ್ತಿತ್ತು. ತಪ್ಪಿನ ಸೂಚನೆಯೇ ಇಲ್ಲ. ಪ್ರೋಗ್ರಾಂ ಓಡುತ್ತದೆ, ಮಳೆಗಾಲದಲ್ಲಿ ಪರೀಕ್ಷಿಸಿದರೆ ಸರಿಯಾಗಿಯೇ ಓಡುತ್ತದೆ!

2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3 ಇದನ್ನು ಸರಿಪಡಿಸಿತು. ಟ್ಯಾಬ್‌ನ ಅಗಲ ಎಷ್ಟೆಂದು ಊಹಿಸಿದರೆ ಮಾತ್ರ ಅರ್ಥ ತಿಳಿಯುವಂಥ ಮಿಶ್ರಣ ಕಂಡರೆ ಅದು ಪ್ರೋಗ್ರಾಮನ್ನು ನಿರಾಕರಿಸುತ್ತದೆ. ಆರಂಭದಲ್ಲಿ ಹೇಳಿದ ವಿದ್ಯಾರ್ಥಿನಿಗೆ ಸಿಕ್ಕ ದೋಷಸೂಚನೆ ಇದೇ. ಅವಳಿಗೆ ಅದು ಕಿರಿಕಿರಿ ಎನಿಸಿದರೂ ನಿಜವಾಗಿ ಅದು ಉಪಕಾರ. ಹಳೆಯ ಪೈಥಾನ್ ಆಗಿದ್ದರೆ ಅವಳ ಪ್ರೋಗ್ರಾಂ ಸದ್ದಿಲ್ಲದೆ ತಪ್ಪು ಉತ್ತರ ಕೊಡುವ ಸಾಧ್ಯತೆಯಿತ್ತು.

ಪೆಪ್ 8ರ ಬಗ್ಗೆ ಒಂದು ಆಕ್ಷೇಪವಿದೆ. ಸ್ಪೇಸ್ ಉತ್ತಮ ಎಂದು ಅದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ವಿಜ್ಞಾನದ ಓದುಗರಾದ ನಮಗೆ ಕಾರಣವಿಲ್ಲದ ನಿಯಮ ರುಚಿಸದು. ಆದರೆ ಅದರ ಪರವಾಗಿಯೂ ಒಂದು ಮಾತು ಹೇಳಬೇಕು. ಈಗಾಗಲೇ ಟ್ಯಾಬ್‌ನಲ್ಲಿ ಬರೆದಿರುವ ಪ್ರೋಗ್ರಾಮನ್ನು ಮುಂದುವರಿಸುವಾಗ ಟ್ಯಾಬನ್ನೇ ಬಳಸಿ ಎಂದು ಅದೇ ಕೈಪಿಡಿ ಹೇಳುತ್ತದೆ. ಯಾವುದು ಶ್ರೇಷ್ಠ ಎಂಬುದಕ್ಕಿಂತ ಒಂದು ಕಡತದೊಳಗೆ ಏಕರೂಪತೆ ಇರುವುದು ಮುಖ್ಯ ಎಂಬ ವಿವೇಕ ಅದರಲ್ಲಿದೆ.

ಗೋ: ಜಗಳವನ್ನು ಯಂತ್ರಕ್ಕೆ ಒಪ್ಪಿಸಿದ್ದು

ಗೂಗಲ್ ಸಂಸ್ಥೆ 2009ರಲ್ಲಿ ಪ್ರಕಟಿಸಿದ 'ಗೋ' ಭಾಷೆಯವರು ಬೇರೊಂದು ದಾರಿ ಹಿಡಿದರು. ಭಾಷೆಯ ಜೊತೆಗೇ 'ಗೋಫಂಟ್' ಎಂಬ ಉಪಕರಣವನ್ನು ಕೊಟ್ಟರು. ನೀವು ಹೇಗೆ ಬೇಕಾದರೂ ಬರೆಯಿರಿ, ಅದು ಪಠ್ಯವನ್ನು ಒಂದೇ ಶೈಲಿಗೆ ತಿದ್ದಿ ಕೊಡುತ್ತದೆ. ಒಳಸರಿತಕ್ಕೆ ಟ್ಯಾಬ್, ಜೋಡಣೆಗೆ ಸ್ಪೇಸ್ ಎಂಬುದು ಅದರ ಕ್ರಮ. ಮೇಲೆ ಹೇಳಿದ ಎರಡು ಕೆಲಸಗಳನ್ನು ಎರಡು ಅಕ್ಷರಗಳಿಗೆ ಹಂಚಿದ್ದು ಇಲ್ಲಿನ ವಿಶೇಷ.

ನಾಲ್ಕರಲ್ಲಿ ಇದೇ ಹೆಚ್ಚು ಒಪ್ಪಿಗೆಯಾಗುವ ಪರಿಹಾರ. ಕಾಣದ ಅಕ್ಷರಗಳನ್ನು ಕಾಯುವ ಕೆಲಸವನ್ನು ಮನುಷ್ಯನ ಕಣ್ಣಿಗೆ ಬಿಡದೆ, ಅವುಗಳನ್ನು ನೋಡಬಲ್ಲ ಯಂತ್ರಕ್ಕೆ ವಹಿಸಲಾಗಿದೆ. ಆದರೆ ಇದು ಸುಲಭವಾದದ್ದು ಭಾಷೆ ಹುಟ್ಟಿದಾಗಲೇ ಉಪಕರಣವೂ ಇದ್ದುದರಿಂದ. ಹಳೆಯ ಭಾಷೆಗಳಿಗೆ ಆ ಅದೃಷ್ಟವಿಲ್ಲ. ಪೈಥಾನ್‌ಗೆ 'ಬ್ಲ್ಯಾಕ್' ಎಂಬ ಇಂಥದೇ ಉಪಕರಣ 2018ರಲ್ಲಿ ಬಂದಿತು. ಅಷ್ಟರಲ್ಲಿ ಭಾಷೆಗೆ ಇಪ್ಪತ್ತೇಳು ವರ್ಷ ತುಂಬಿತ್ತು.

ಸಂಖ್ಯೆಗಳು ಏನು ಹೇಳುತ್ತವೆ?

ಸ್ಪೇಸ್ ಪಕ್ಷದವರು ಆಗಾಗ ಎರಡು ಸಮೀಕ್ಷೆಗಳನ್ನು ಮುಂದಿಡುತ್ತಾರೆ. ಗೂಗಲ್‌ನಲ್ಲಿದ್ದ ಫೆಲಿಪೆ ಹೋಫಾ 2016ರಲ್ಲಿ ಗಿಟ್‌ಹಬ್‌ನ 4 ಲಕ್ಷ ಸಂಗ್ರಹಗಳ ನೂರು ಕೋಟಿ ಕಡತಗಳ ರಾಶಿಯನ್ನು ಜಾಲಾಡಿ ಟ್ಯಾಬ್ ಮತ್ತು ಸ್ಪೇಸ್‌ಗಳನ್ನು ಎಣಿಸಿದರು. ಹೆಚ್ಚಿನ ಭಾಷೆಗಳಲ್ಲಿ ಸ್ಪೇಸ್ ಮುಂದಿತ್ತು, ಗೋ ಭಾಷೆಯಲ್ಲಿ ಟ್ಯಾಬ್ ಮುಂದಿತ್ತು. ಆದರೆ ಗೋ ಬರೆಯುವವರು ಟ್ಯಾಬನ್ನು ಯೋಚಿಸಿ ಆರಿಸಿಕೊಂಡವರಲ್ಲ, ಅವರ ಉಪಕರಣ ಅದನ್ನು ಆರಿಸಿತ್ತು. ಹಾಗೆಯೇ ಉಳಿದವರ ಸ್ಪೇಸ್‌ಗಳಲ್ಲೂ ಎಷ್ಟೋ ಅವರ ಎಡಿಟರ್‌ನ ಆಯ್ಕೆಯೇ ಇರಬೇಕು. ಇಂಥ ಎಣಿಕೆ ರೂಢಿಯನ್ನು ತೋರಿಸುತ್ತದೆ, ಯೋಗ್ಯತೆಯನ್ನಲ್ಲ.

ಇನ್ನೊಂದು 2017ರದು. ಸ್ಟ್ಯಾಕ್ ಓವರ್‌ಫ್ಲೋ ಸಂಸ್ಥೆಯ ಸಮೀಕ್ಷೆಯಲ್ಲಿ ಸ್ಪೇಸ್ ಬಳಸುವವರ ಮಧ್ಯಾಂಕ ಸಂಬಳ ವರ್ಷಕ್ಕೆ 59,140 ಡಾಲರ್, ಟ್ಯಾಬ್ ಬಳಸುವವರದು 43,750 ಡಾಲರ್ ಎಂದು ಕಂಡುಬಂದಿತು. ದೇಶ, ಅನುಭವ ಮುಂತಾದವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಶೇಕಡಾ 8.6ರಷ್ಟು ಅಂತರ ಉಳಿಯಿತು. ಹಾಗಾದರೆ ನಾಳೆಯಿಂದ ಸ್ಪೇಸ್ ಒತ್ತಿದರೆ ಸಂಬಳ ಏರುತ್ತದೆಯೇ? ಕೊಡೆ ಹಿಡಿದವರು ಹೆಚ್ಚಾಗಿರುವ ದಿನ ಮಳೆ ಹೆಚ್ಚು, ಆದರೆ ಕೊಡೆಯಿಂದ ಮಳೆ ಬರುವುದಿಲ್ಲ. ಯಾವ ರೀತಿಯ ಕೆಲಸ, ಯಾವ ರೀತಿಯ ಸಂಸ್ಥೆ ಎಂಬ ಅಳೆಯದ ಕಾರಣಗಳು ಸಂಬಳವನ್ನೂ ರೂಢಿಯನ್ನೂ ಒಟ್ಟಿಗೆ ಎಳೆಯುತ್ತಿರಬಹುದು. ಎರಡು ಸಂಗತಿಗಳು ಜೊತೆಯಾಗಿ ಕಂಡವೆಂಬ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಲ್ಲ ಎಂಬ ಪಾಠಕ್ಕೆ ಈ ಸಮೀಕ್ಷೆ ಒಳ್ಳೆಯ ಉದಾಹರಣೆ. ವಿವಾದವನ್ನು ಅದು ತೀರ್ಮಾನಿಸುವುದಿಲ್ಲ.

ಮರೆತುಹೋದ ಓದುಗರು

ಈ ಎಲ್ಲ ವಾದಗಳಲ್ಲೂ ಒಂದು ಊಹೆ ಅಡಗಿದೆ. ಪ್ರೋಗ್ರಾಂ ಓದುವವರೆಲ್ಲರೂ ಒಂದೇ ಬಗೆಯ ಕಣ್ಣಿನಿಂದ ಓದುತ್ತಾರೆ ಎಂಬುದೇ ಆ ಊಹೆ. ದೃಷ್ಟಿಯಿಲ್ಲದವರೂ ಪ್ರೋಗ್ರಾಂ ಬರೆಯುತ್ತಾರೆ ಎಂಬುದನ್ನು ನಾವು ಮರೆಯುತ್ತೇವೆ. ಅವರಲ್ಲಿ ಕೆಲವರು ಬ್ರೈಲ್ ಫಲಕ ಬಳಸುತ್ತಾರೆ. ಸಾಮಾನ್ಯವಾಗಿ ಕಾಣುವ 40 ಕೋಶಗಳ ಫಲಕವನ್ನು ತೆಗೆದುಕೊಳ್ಳಿ. ನಾಲ್ಕು ಹಂತ ಒಳಗಿರುವ ಸಾಲನ್ನು 4 ಸ್ಪೇಸ್‌ನಂತೆ ಬರೆದರೆ 16 ಕೋಶಗಳು ಬರಿದಾಗಿ ಹೋಗುತ್ತವೆ. ಟ್ಯಾಬ್‌ಗೆ ಒಂದೇ ಕೋಶ ಎಂದು ಹೊಂದಿಸಿಕೊಂಡರೆ 4 ಕೋಶಗಳು ಸಾಕು, ಉಳಿದ 36 ಕೋಶಗಳಲ್ಲಿ ಪ್ರೋಗ್ರಾಂ ಓದಬಹುದು. ಪರದೆಯನ್ನು ಓದಿ ಹೇಳುವ 'ಎನ್‌ವಿಡಿಎ'ಯಂಥ ಉಚಿತ ತಂತ್ರಾಂಶ ಒಳಸರಿತವನ್ನು ಮಾತಿನಲ್ಲಿ ಅಥವಾ ಸ್ವರದ ಏರಿಳಿತದಲ್ಲಿ ತಿಳಿಸಬಲ್ಲದು. 'ಹದಿನಾರು ಸ್ಪೇಸ್' ಎಂದು ಕೇಳಿ ಮನಸ್ಸಿನಲ್ಲಿ ಭಾಗಾಕಾರ ಮಾಡುವುದಕ್ಕಿಂತ 'ನಾಲ್ಕು ಟ್ಯಾಬ್' ಎಂದು ಕೇಳುವುದು ಸುಲಭ. ಮಂದದೃಷ್ಟಿಯವರು ಅಕ್ಷರಗಳನ್ನು ಮೂರು ನಾಲ್ಕು ಪಟ್ಟು ದೊಡ್ಡದು ಮಾಡಿ ಓದುವಾಗ ಟ್ಯಾಬ್‌ನ ಅಗಲವನ್ನು ಒಂದೆರಡು ಅಂಕಣಕ್ಕೆ ಇಳಿಸಿಕೊಳ್ಳಬಹುದು. ಸ್ಪೇಸ್‌ನಲ್ಲಿ ಈ ಸ್ವಾತಂತ್ರ್ಯವಿಲ್ಲ.

ಉಳಿದ ವಾದಗಳಲ್ಲಿ ಎರಡು ಕಡೆಯೂ ತೂಕವಿದೆ. ಆದರೆ ಇಲ್ಲಿ ತಕ್ಕಡಿ ಸ್ಪಷ್ಟವಾಗಿ ಟ್ಯಾಬ್ ಕಡೆಗೆ ವಾಲುತ್ತದೆ. ಒಬ್ಬರಿಗೆ 'ಅಂದವಾಗಿ ಕಾಣುತ್ತದೆ' ಎಂಬ ಸಮಾಧಾನ, ಇನ್ನೊಬ್ಬರಿಗೆ 'ಓದಲು ಸಾಧ್ಯ' ಎಂಬ ಅಗತ್ಯ. ಇವೆರಡೂ ಸಮಾನವಲ್ಲ.

ಕನ್ನಡಿಗರಿಗೆ ಹೊಸದಲ್ಲ

ಕಾಣದ ಅಕ್ಷರಗಳ ಕಾಟ ಕನ್ನಡದಲ್ಲಿ ಟೈಪ್ ಮಾಡುವವರಿಗೆ ಚೆನ್ನಾಗಿ ಗೊತ್ತು. 'ರಾಜ್‌ಕುಮಾರ್' ಎಂದು ಬರೆಯುವಾಗ 'ಜ್' ಮತ್ತು 'ಕು' ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ನಡುವೆ ಶೂನ್ಯ ಅಗಲದ ಒಂದು ಚಿಹ್ನೆ ಬರಬೇಕು. ಅಲ್ಲಿ ಅದು ಅಗತ್ಯ. ಆದರೆ ಪದದ ಕೊನೆಯ ಅರ್ಧಾಕ್ಷರದ ಮುಂದೆಯೂ ಅದೇ ಚಿಹ್ನೆ ಉಳಿದುಬಿಟ್ಟರೆ ಕಣ್ಣಿಗೆ ಏನೂ ತೋರದು. ಎಷ್ಟೋ ತಂತ್ರಾಂಶಗಳಲ್ಲಿ ಆ ಪದವನ್ನು ಹುಡುಕಿದರೆ ಸಿಗದು, ಅಕಾರಾದಿಯಲ್ಲಿ ಜೋಡಿಸಿದರೆ ಬೇರೆ ಕಡೆ ಹೋಗಿ ಕೂರುತ್ತದೆ. ಟ್ಯಾಬ್ ಮತ್ತು ಸ್ಪೇಸ್‌ಗಳ ತೊಡಕಿನ ಕನ್ನಡ ರೂಪವಿದು.

ಇನ್ನೊಂದು ಸಂಗತಿ. ಸ್ಪೇಸ್‌ನಿಂದ ಜೋಡಣೆ ನಿಖರವಾಗುತ್ತದೆ ಎಂಬ ಮಾತು ಪ್ರತಿ ಅಕ್ಷರವೂ ಸಮಾನ ಅಗಲ ಹೊಂದಿದ್ದರೆ ಮಾತ್ರ ನಿಜ. ಕನ್ನಡದ 'ಗ' ಮತ್ತು 'ಸ್ತ್ರೀ' ಒಂದೇ ಅಗಲದಲ್ಲಿ ಕೂರುವಂಥವಲ್ಲ. ಪ್ರೋಗ್ರಾಂನಲ್ಲಿ ಕನ್ನಡ ಟಿಪ್ಪಣಿ ಅಥವಾ ಕನ್ನಡ ಪದಗಳ ಪಟ್ಟಿ ಸೇರಿಸಿ ಬಲಭಾಗವನ್ನು ಸ್ಪೇಸ್‌ನಿಂದ ಜೋಡಿಸಲು ಹೋದರೆ ಅದು ಇನ್ನೊಂದು ಯಂತ್ರದಲ್ಲಿ ಚದುರುತ್ತದೆ. ಆದ್ದರಿಂದ ಕನ್ನಡ ಪಠ್ಯವಿರುವ ಕಡತಗಳಲ್ಲಿ ಅಲಂಕಾರದ ಜೋಡಣೆಯನ್ನೇ ಬಿಟ್ಟು, ಹಂತ ತೋರಿಸುವ ಒಳಸರಿತವನ್ನು ಮಾತ್ರ ಇಟ್ಟುಕೊಳ್ಳುವುದು ಲೇಸು.

ನಮ್ಮ ಅಚ್ಚಿನ ಪುಟಗಳನ್ನೂ ಟೀಕಿಸಬೇಕು. ಪಾಠದ ಟಿಪ್ಪಣಿಗಳಲ್ಲಿ, ವಿಜ್ಞಾನ ಪತ್ರಿಕೆಗಳಲ್ಲಿ ಪ್ರೋಗ್ರಾಂ ಅಚ್ಚಾಗುವಾಗ ಪುಟವಿನ್ಯಾಸ ಮಾಡುವವರು ಸಾಲಿನ ಆರಂಭದ ಖಾಲಿ ಜಾಗವನ್ನು ವ್ಯರ್ಥವೆಂದು ತಿಳಿದು ಎಡಕ್ಕೆ ಎಳೆದುಬಿಡುತ್ತಾರೆ. ಪೈಥಾನ್ ಪ್ರೋಗ್ರಾಮನ್ನು ಹೀಗೆ ಅಚ್ಚು ಮಾಡುವುದೆಂದರೆ ಗಣಿತದ ಸಮೀಕರಣದಿಂದ ಆವರಣ ಚಿಹ್ನೆಗಳನ್ನು ತೆಗೆದುಹಾಕಿದಂತೆ. ಅಲ್ಲಿಂದ ನೋಡಿ ಬರೆದ ವಿದ್ಯಾರ್ಥಿಯ ಪ್ರೋಗ್ರಾಂ ಓಡದಿದ್ದರೆ ತಪ್ಪು ವಿದ್ಯಾರ್ಥಿಯದಲ್ಲ.

ನೀವು ಮಾಡಬಹುದಾದದ್ದು

ಮೊದಲನೆಯದಾಗಿ, ನಿಮ್ಮ ಎಡಿಟರ್‌ನಲ್ಲಿ ಖಾಲಿ ಅಕ್ಷರಗಳನ್ನು ತೋರಿಸುವ ಆಯ್ಕೆಯನ್ನು ಹುಡುಕಿ ಆನ್ ಮಾಡಿ. ಹೆಚ್ಚಿನ ಎಡಿಟರ್‌ಗಳಲ್ಲಿ ಸ್ಪೇಸ್ ಚುಕ್ಕಿಯಾಗಿ, ಟ್ಯಾಬ್ ಬಾಣವಾಗಿ ಕಾಣುತ್ತದೆ. ಅಧ್ಯಾಪಕರು ಇದನ್ನು ಮೊದಲ ತರಗತಿಯಲ್ಲೇ ತೋರಿಸಿದರೆ 'ಏನೋ ಸ್ಪೇಸ್ ಪ್ರಾಬ್ಲಂ' ಎಂಬ ಉತ್ತರ ಕೊಡುವ ಪ್ರಸಂಗ ಬರುವುದಿಲ್ಲ.

ಎರಡನೆಯದಾಗಿ, ಇನ್ನೊಬ್ಬರ ಪ್ರೋಗ್ರಾಮನ್ನು ತಿದ್ದುವಾಗ ಅವರ ಕ್ರಮವನ್ನೇ ಅನುಸರಿಸಿ. ಕಡತದ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿ, ಅದರ ಜೊತೆಗೇ ಒಂದು ತಪ್ಪನ್ನೂ ತಿದ್ದಿದರೆ ಸಾವಿರ ಸಾಲು ಬದಲಾದಂತೆ ತೋರಿ, ನಿಜವಾದ ಬದಲಾವಣೆಯ ಒಂದು ಸಾಲು ಆ ರಾಶಿಯಲ್ಲಿ ಹೂತುಹೋಗುತ್ತದೆ. ಕ್ರಮ ಬದಲಿಸಲೇಬೇಕಾದರೆ ಅದನ್ನು ಪ್ರತ್ಯೇಕ ಕೆಲಸವಾಗಿ ಮಾಡಿ.

ಮೂರನೆಯದಾಗಿ, ಪೈಥಾನ್ ಬರೆಯುವುದಾದರೆ 4 ಸ್ಪೇಸ್ ಬಳಸಿ. ಆ ಭಾಷೆಯ ಬಹುತೇಕ ಬಳಕೆದಾರರು ಒಪ್ಪಿರುವ ರೂಢಿ ಅದು. ಬಹುತೇಕ ಎಡಿಟರ್‌ಗಳಲ್ಲಿ ಟ್ಯಾಬ್ ಕೀಲಿ ಒತ್ತಿದರೂ ಕಡತಕ್ಕೆ 4 ಸ್ಪೇಸ್ ಸೇರುವಂತೆ ಹೊಂದಿಸಬಹುದು. ಕೀಲಿ ಬೇರೆ, ಅಕ್ಷರ ಬೇರೆ ಎಂಬುದನ್ನು ಮರೆಯಬೇಡಿ. ಮೇಕ್ ಕಡತದಲ್ಲಿ ಮಾತ್ರ ನಿಜವಾದ ಟ್ಯಾಬೇ ಇರಲಿ.

ನಾಲ್ಕನೆಯದಾಗಿ, ರೂಢಿಯ ಕಟ್ಟಿಲ್ಲದ ಭಾಷೆಯಲ್ಲಿ ಹೊಸದಾಗಿ ಏನನ್ನಾದರೂ ಆರಂಭಿಸುತ್ತಿದ್ದರೆ ಒಳಸರಿತಕ್ಕೆ ಟ್ಯಾಬ್, ಜೋಡಣೆಗೆ ಸ್ಪೇಸ್ ಎಂಬ ಕ್ರಮವನ್ನು ಆರಿಸಿ, ಅದನ್ನು ಕಾಯುವ ಕೆಲಸವನ್ನು ಉಪಕರಣಕ್ಕೆ ಒಪ್ಪಿಸಿ. ನಿಮ್ಮ ಪ್ರೋಗ್ರಾಮನ್ನು ಮುಂದೆ ಯಾರು, ಯಾವ ಪರದೆಯಲ್ಲಿ, ಕಣ್ಣಿನಿಂದಲೋ ಬೆರಳಿನಿಂದಲೋ ಕಿವಿಯಿಂದಲೋ ಓದುತ್ತಾರೆ ಎಂಬುದು ಈಗ ನಿಮಗೆ ತಿಳಿಯದು. ಅಗಲವನ್ನು ನಿರ್ಧರಿಸುವ ಹಕ್ಕನ್ನು ಅವರಿಗೇ ಬಿಡುವುದು ಸೌಜನ್ಯ.

ಪ್ರೋಗ್ರಾಮನ್ನು ಒಮ್ಮೆ ಬರೆಯುತ್ತೇವೆ, ಹಲವು ಬಾರಿ ಓದುತ್ತೇವೆ. ಓದುವವರು ಹೆಚ್ಚಿನ ಸಲ ನಾವಲ್ಲ. ಈ ಸಂಜೆ ನಿಮ್ಮದೇ ಒಂದು ಹಳೆಯ ಪ್ರೋಗ್ರಾಮನ್ನು ತೆರೆದು, ಖಾಲಿ ಅಕ್ಷರಗಳು ಕಾಣುವಂತೆ ಮಾಡಿ ನೋಡಿ. ಚುಕ್ಕಿಗಳೂ ಬಾಣಗಳೂ ಬೆರೆತ ಸಾಲುಗಳು ಕಂಡರೆ ಅಲ್ಲಿಂದಲೇ ಸರಿಪಡಿಸಲು ಆರಂಭಿಸಬಹುದು.